ಮುಚ್ಚಿಗೆ
ಇಳಿಜಾರು ಮಾಡಿನ ಕೆಳಗೆ ತೊಲೆ, ಜಂತೆಗಳ ಮೇಲೆ ಹಲಗೆ ಹಾಸಿ, ಅದರ ಮೇಲೆ ಮಣ್ಣು ಮೆತ್ತಿದ ಒಳಚಾವಣಿಗೆ ಮುಚ್ಚಿಗೆ ಎನ್ನುತ್ತಾರೆ. ಹೊನ್ನಾವರ ತಾಲ್ಲೂಕಿನ ಹಳದೀಪುರ, ಅದರ ಆಚೀಚೆಯ ಕುಮಟಾ, ಭಟ್ಕಳ ಸೀಮೆಯ ಹಳೆಯ ಮನೆಗಳ ತಂಪಿಗೆ ಇದರ ಪಾಲು ದೊಡ್ಡದು. ಮುಚ್ಚಿಗೆಗೂ ಮಾಡಿಗೂ ನಡುವಿನ ಜಾಗವೇ ಅಟ್ಟ.

ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಮಾಡಿಗೆ ಇಳಿಜಾರು ಬೇಕೇ ಬೇಕು. ಭಟ್ಕಳದ ಕೇತಪೈ ನಾರಾಯಣ ದೇವಾಲಯಕ್ಕೆ ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿದ್ದಾರೆ. ಮನೆಗಳಿಗೆ ಹಿಂದೆ ಇದ್ದದ್ದು ಹುಲ್ಲು, ಸೋಗೆ, ಮಡಲಿನ ಹೊದಿಕೆ. ಅದು ತಾನೇ ಬಿಸಿಲು ತಡೆಯುತ್ತಿತ್ತು, ಭಯವಿದ್ದದ್ದು ಬೆಂಕಿಯದು. ಹೊದಿಕೆ ಹೊತ್ತಿಕೊಂಡರೂ ಕೆಂಡ ಒಳಗೆ ಬೀಳದಂತೆ ಮುಚ್ಚಿಗೆಯ ಮಣ್ಣು ಕಾಯುತ್ತಿತ್ತು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯುದ್ದಕ್ಕೂ ಮಂಗಳೂರು ಹಂಚು ಹರಡಿತು. ವರ್ಷವರ್ಷವೂ ಹೊದಿಸುವ ಕಷ್ಟ ತಪ್ಪಿತು, ಆದರೆ ಹಂಚು ಹುಲ್ಲಿಗಿಂತ ಬೇಗ ಕಾಯುತ್ತದೆ.

ಕಾದ ಹಂಚಿನ ಬಿಸಿ ಮೊದಲು ಇಳಿಯುವುದು ಅಟ್ಟಕ್ಕೆ. ಅಲ್ಲಿನ ಬಿಸಿಗಾಳಿ ಮೇಲೇರಿ ಹಂಚುಗಳ ಸಂದಿನಿಂದ ಹೊರಬೀಳುತ್ತದೆ. ಉಳಿದ ಬಿಸಿ ಮಣ್ಣಿನ ಪದರವನ್ನು ದಾಟುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಮರವೂ ಬಿಸಿಯನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮಳೆಗಾಲದಲ್ಲಿ ಇದೇ ಗಾಳಿಯ ಓಡಾಟ ಹಂಚು ಹೊತ್ತ ಮರದ ಪಕಾಸು, ರೀಪುಗಳನ್ನು ಒಣಗಿಸುತ್ತದೆ. ಸೌದೆ ಒಲೆಯ ಹೊಗೆಯೂ ಸೇರಿದರೆ ಅಟ್ಟದ ತೆಂಗಿನಕಾಯಿ, ಅಡಿಕೆಗೆ ಬೂಷ್ಟು ಹಿಡಿಯುವುದು ಕಡಿಮೆ.

ಈಚೆಗೆ ಮುಚ್ಚಿಗೆ ಕಿತ್ತು, ಹಂಚಿಗೆ ತಾಗಿದಂತೆ ಥರ್ಮೋಕೋಲ್ ಇಲ್ಲವೇ ಫೋಮ್ ತುರುಕುವ ರೂಢಿ ಬಂದಿದೆ. ಇದು ತಪ್ಪು ಕ್ರಮ. ಸೋರಿದ ನೀರು ಕಣ್ಣಿಗೆ ಬೀಳದೆ ಅಲ್ಲೇ ನಿಂತು ರೀಪು ಕುಂಬಾಗುತ್ತದೆ, ಒರಲೆ ಹತ್ತುತ್ತದೆ. ಹಿಮ ಬೀಳುವ ದೇಶಗಳ ಹಳೆಯ ಮರದ ಬಿಲ್ಲೆಯ ಮಾಡುಗಳಿಗೂ ಇದೇ ಮಾತು ಸಲ್ಲುತ್ತದೆ: ಬಿಲ್ಲೆ ಅಡಿಯಿಂದ ಒಣಗಬೇಕು, ಆದ್ದರಿಂದ ಶಾಖತಡೆಯನ್ನು ಅಟ್ಟದ ನೆಲದ ಮೇಲೆ ಹಾಸಿ ಮೇಲೆ ಗಾಳಿಗೆ ದಾರಿ ಬಿಡುವುದು ಸುರಕ್ಷಿತ. ಅಲ್ಯೂಮಿನಿಯಂ ಹಾಳೆ ಕಟ್ಟುವುದಾದರೂ ಹಂಚಿನಿಂದ ಕೆಲವು ಅಂಗುಲ ಕೆಳಗೆ, ಎರಡೂ ತುದಿ ತೆರೆದಿಟ್ಟು ಕಟ್ಟಬೇಕು.

ಮುಚ್ಚಿಗೆಗೆ ಭಾರವೇ ದೊಡ್ಡ ತೊಡಕು. 4 ಅಂಗುಲ ದಪ್ಪದ ಮಣ್ಣು ಚದರ ಮೀಟರಿಗೆ ಸುಮಾರು 150 ಕಿಲೋ ತೂಗುತ್ತದೆ. ದುರಸ್ತಿಗೆ ಕೈಹಾಕುವವರು ಮೊದಲು ಗೋಡೆಯೊಳಗೆ ಹುದುಗಿದ ತೊಲೆಯ ತುದಿಗಳನ್ನು ತಟ್ಟಿ ನೋಡಬೇಕು; ಗಟ್ಟಿಯಿದ್ದರೆ ಮಣ್ಣನ್ನು ಹಾಗೆಯೇ ಉಳಿಸಿಕೊಳ್ಳಬೇಕು.