ಬಂದೂಕಿಗಿಂತ ಮೊದಲು ಬಂದ ಕಾಗದ

ಹಾಲಿವುಡ್ಡಿನ ವೆಸ್ಟರ್ನ್ ಸಿನಿಮಾ ಅಂದರೆ ಕುದುರೆ, ಟೋಪಿ, ಬಂದೂಕು. ಬಿಳಿಯ ಹೀರೊ ಗುಂಡು ಹಾರಿಸುತ್ತಾನೆ, ರೆಡ್ ಇಂಡಿಯನ್ನರು ಉರುಳುತ್ತಾರೆ. ಆ ನೆಲ ಯಾರದಿತ್ತು, ಯಾರ ಪಾಲಾಯಿತು ಅಂತ ಈ ಸಿನಿಮಾಗಳು ಕೇಳುವುದು ಅಪರೂಪ. ಕೇಳಿದ್ದು 1950ರ 'ಡೆವಿಲ್ಸ್ ಡೋರ್‌ವೇ'. ನಿರ್ದೇಶಕ ಆಂಥನಿ ಮ್ಯಾನ್. ಅದೇ ವರ್ಷದ 'ಬ್ರೋಕನ್ ಆರೋ' ಹೆಸರು ಮಾಡಿತು. ಅದರಲ್ಲಿ ಬಿಳಿಯನೊಬ್ಬ ನಡುವೆ ನಿಂತು ಸಂಧಾನ ಮಾಡಿಸುತ್ತಾನೆ. ಸಂಧಾನವೇ ಇಲ್ಲದ ಈ ಚಿತ್ರ ಮೂಲೆಗೆ ಬಿತ್ತು.

ಲ್ಯಾನ್ಸ್ ಪೂಲ್ ಶೋಶೋನಿ ಕುಲದವನು. ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿ, ದೇಶದ ಅತಿ ದೊಡ್ಡ ಶೌರ್ಯಪದಕ ಧರಿಸಿ ವಯೋಮಿಂಗಿನ ತನ್ನ ಊರಿಗೆ ಬರುತ್ತಾನೆ. ರಣದಲ್ಲಿ ಅವನ ರಕ್ತಕ್ಕೆ ಮೈಲಿಗೆ ಇರಲಿಲ್ಲ. ಊರಲ್ಲಿ ಇಂಡಿಯನ್ನರಿಗೆ ಮದ್ಯ ಕೊಡಕೂಡದು. ಅಪ್ಪ-ಅಜ್ಜಂದಿರು ದನ ಮೇಯಿಸಿದ ಕಣಿವೆ ಅವನದಲ್ಲ ಅನ್ನುತ್ತದೆ ಸರಕಾರ. ಕಿತ್ತುಕೊಳ್ಳಲು ಮೊದಲು ಬರುವುದು ದಂಡು ಅಲ್ರೀ, ಕಾನೂನು! ಒಬ್ಬ ವಕೀಲ ಅದನ್ನು ಹಿಡಿದು ಕುರಿಗಾರರನ್ನು ಎತ್ತಿಕಟ್ಟುತ್ತಾನೆ. ಲ್ಯಾನ್ಸ್ ಪರ ನಿಂತ ವಕೀಲೆಯ ಅರ್ಜಿಗಳು ವ್ಯರ್ಥ. ಕೊನೆಗೆ ದಂಡು ಬರುತ್ತದೆ. ಅವನು ಹಳೇ ಸಮವಸ್ತ್ರ ತೊಟ್ಟು, ಪದಕ ಧರಿಸಿ, ಸೆಲ್ಯೂಟ್ ಹೊಡೆದು ಸಾಯುತ್ತಾನೆ.

ಇದು ಬರೀ ಕಥೆಯಲ್ಲ. 1862ರ ಹೋಮ್‌ಸ್ಟೆಡ್ ಕಾಯಿದೆ 160 ಎಕರೆ ಕೊಡುತ್ತಿತ್ತು, ಪ್ರಜೆಗಳಿಗೆ ಮತ್ತು ಪ್ರಜೆಯಾಗುತ್ತೇನೆಂದು ಬರೆದುಕೊಟ್ಟ ವಲಸೆಗಾರರಿಗೆ. ಹಡಗಿಳಿದವನಿಗೆ ದಾರಿ ಇತ್ತು, ಮಣ್ಣಿನ ಮಗನಿಗೆ ಇರಲಿಲ್ಲ. 1875ರಲ್ಲಿ ದಾರಿ ಬಿಟ್ಟರು, ಕುಲದ ನಂಟು ಕಡಿದುಕೊಂಡರೆ ಮಾತ್ರ. 1887ರ ಡಾಸ್ ಕಾಯಿದೆ ಕುಲದ ನೆಲವನ್ನು ತುಂಡು ಮಾಡಿತು. ಆಗ ಇಂಡಿಯನ್ನರ ಬಳಿ ಇದ್ದದ್ದು ಸುಮಾರು 13 ಕೋಟಿ 80 ಲಕ್ಷ ಎಕರೆ; 1934ಕ್ಕೆ ಉಳಿದದ್ದು 4 ಕೋಟಿ 80 ಲಕ್ಷ. ಎಲ್ಲ ಇಂಡಿಯನ್ನರಿಗೂ ಪೌರತ್ವ ಸಿಕ್ಕಿದ್ದು 1924ರಲ್ಲಿ.

ಯಾವಗಲ್, ರೋಣ, ನರಗುಂದದ ಕೇರಿಗಳಿಗೆ ಇದು ಹೊಸದೇನಲ್ಲ. ಕಂಪನಿಯ ಪಡೆಯಲ್ಲಿ ಕಾದಿದ ಮಹಾರರನ್ನು ಬ್ರಿಟಿಷರು 1890ರ ದಶಕದಲ್ಲಿ ಭರ್ತಿಯಿಂದಲೇ ಹೊರಗಿಟ್ಟರು. ಯುದ್ಧದ ಗರಜು ಬಿದ್ದಾಗ, 1941ರಲ್ಲಿ, ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟ್ ಕಟ್ಟಿದರು. ಊರಿನ ಕೆಳ ಚಾಕರಿಗೆ ಕೊಟ್ಟ ವತನದ ತುಂಡು ಹೊಲ ದಲಿತನನ್ನು ಚಾವಡಿಗೇ ಕಟ್ಟಿಹಾಕಿತ್ತು. ಅದನ್ನು ಮುರಿಯಲು ಅಂಬೇಡ್ಕರ್ 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದರು. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಬಂದದ್ದು 1961ರಲ್ಲಿ.

ಒಂದು ಭೇದವಿದೆ. ಲ್ಯಾನ್ಸ್ ಇದ್ದ ನೆಲ ಕಳಕೊಂಡ. ಕಾರಂತರ ಚೋಮನಿಗೆ ಎತ್ತು ಇದ್ದವು, ಉಳಲು ನೆಲ ಸಿಗಲೇ ಇಲ್ಲ. 1974ರ ಭೂಸುಧಾರಣೆ ಗೇಣಿದಾರನಿಗೆ ನೆಲ ಕೊಟ್ಟಿತು. ಕೂಲಿಯವನ ಕೈಯಾಗ ಗೇಣಿಯ ಪುರಾವೆ ಎಲ್ಲಿಂದ ಬರಬೇಕು? 21 ಜುಲೈ 1980ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು. ಮಲಪ್ರಭಾ ಕಾಲುವೆಯ ಕರದ ವಿರುದ್ಧ ಎದ್ದ ರೈತರ ಹೋರಾಟ ನ್ಯಾಯದ್ದೇ. ಆದರೆ ಕರದ ನೋಟೀಸು ಬರಬೇಕಾದರೂ ಉತಾರದಾಗ ಹೆಸರು ಇರಬೇಕಲ್ಲ!

ಚಿತ್ರಕ್ಕೂ ದೋಷವಿದೆ. ಶೋಶೋನಿ ನಾಯಕನ ಪಾತ್ರ ಮಾಡಿದವನು ಮುಖಕ್ಕೆ ಬಣ್ಣ ಬಳಿದುಕೊಂಡ ಬಿಳಿಯ ನಟ, ರಾಬರ್ಟ್ ಟೇಲರ್. ನೆಲ ಹೋದವರಿಗೆ ತಮ್ಮ ಪಾತ್ರವೂ ಸಿಗಲಿಲ್ಲ.

ಗೆಳೆಯರೆ, ಮಾಸ್ತರರೆ, ಇತಿಹಾಸ ಅಂದರೆ ನರಗುಂದದ ಕೋಟೆ, 1858ರ ಬಂಡಾಯ ಮಾತ್ರವಲ್ಲ. ತಲಾಟಿಯ ದಫ್ತರವೂ ಇತಿಹಾಸವೇ. ಹುಡುಗರಿಗೆ ಉತಾರ ಓದುವುದನ್ನು ಕಲಿಸಿರಿ. ಯಾವ ಸರ್ವೆ ನಂಬರು ಯಾರ ಹೆಸರಲ್ಲಿತ್ತು, ಯಾವಾಗ ಬದಲಾಯಿತು, ಹೆಬ್ಬೆಟ್ಟು ಯಾರದು ಅಂತ ಕೇಳಲಿ. ಮಂಜೂರಾದ ನೆಲ ಕೈತಪ್ಪಿದ್ದರೆ 1978ರ ಕಾಯಿದೆ ಇದೆ. ಒಬ್ಬೊಬ್ಬರೇ ಹೋಗಬೇಡಿ, ಕೇರಿಗೆ ಕೇರಿಯೇ ಹೋಗಲಿ.