ಕರ್ನಾಟಕದಲ್ಲಿ ಕಾಲೇಜು ಪ್ರವೇಶ ಮಾರ್ಗದರ್ಶನ

ಕಾಲೇಜು ಪ್ರವೇಶ ಮಾರ್ಗದರ್ಶನ ಎಂದರೆ ಪ್ರೌಢಶಾಲೆ ಹಾಗೂ ಪದವಿಪೂರ್ವ ಹಂತದ ವಿದ್ಯಾರ್ಥಿಗಳು ಮುಂದಿನ ವ್ಯಾಸಂಗವನ್ನು ಯೋಜಿಸಿ, ಕೋರ್ಸು ಮತ್ತು ಕಾಲೇಜನ್ನು ಆರಿಸಿ, ಅರ್ಜಿ ಸಲ್ಲಿಸಿ ಪ್ರವೇಶ ಪಡೆಯುವವರೆಗೆ ಅವರಿಗೆ ಒದಗಿಸುವ ನೆರವು. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಈ ಕೆಲಸವನ್ನು ಸಾಮಾನ್ಯವಾಗಿ ಮುಖ್ಯೋಪಾಧ್ಯಾಯರು ಮತ್ತು ವಿಷಯ ಶಿಕ್ಷಕರೇ ನಿರ್ವಹಿಸುತ್ತಾರೆ. ರಾಜ್ಯದ ಪ್ರವೇಶ ವ್ಯವಸ್ಥೆಯಲ್ಲಿ ಅಂಕಗಳಷ್ಟೇ ಮಹತ್ವ ವಿಷಯ ಸಂಯೋಜನೆ, ಪ್ರಮಾಣಪತ್ರ ಹಾಗೂ ಕೊನೆಯ ದಿನಾಂಕಗಳಿಗೂ ಇದೆ. ಮನೆಯಲ್ಲಿ ಕಾಲೇಜು ಕಂಡವರಿಲ್ಲದ ವಿದ್ಯಾರ್ಥಿಗಳಿಗೆ ಈ ಮಾಹಿತಿ ತಡವಾಗಿ ತಲುಪಿದರೆ ಅರ್ಹತೆಯಿದ್ದೂ ಸೀಟು ಕೈತಪ್ಪುವ ಸಾಧ್ಯತೆಯಿರುತ್ತದೆ.

ಹಿನ್ನೆಲೆ

ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳು ಹೆಚ್ಚಿದಂತೆ, ಪ್ರವೇಶಕ್ಕಾಗಿ ಶುಲ್ಕದ ಹೊರತಾಗಿ ಪಡೆಯುತ್ತಿದ್ದ ಕ್ಯಾಪಿಟೇಷನ್ ಹಣ, ಅಂದರೆ ಜನರ ಮಾತಿನಲ್ಲಿ ‘ಡೊನೇಷನ್’, ರಾಜ್ಯದಲ್ಲಿ ದೊಡ್ಡ ವಿವಾದವಾಯಿತು. ಇದನ್ನು ನಿಷೇಧಿಸಲು ಕರ್ನಾಟಕವು 1984ರಲ್ಲಿ ಕಾನೂನು ರೂಪಿಸಿತು. ಮೋಹಿನಿ ಜೈನ್ ಮತ್ತು ಕರ್ನಾಟಕ ರಾಜ್ಯದ ನಡುವಣ ಪ್ರಕರಣದಲ್ಲಿ 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ವಸೂಲಿಯನ್ನು ಖಂಡಿಸಿತು. 1993ರ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಖಾಸಗಿ ಕಾಲೇಜುಗಳ ಸೀಟುಗಳನ್ನು ಉಚಿತ ಸೀಟು ಮತ್ತು ಪಾವತಿ ಸೀಟು ಎಂದು ವಿಂಗಡಿಸಿ, ಅರ್ಹತೆಯ ಕ್ರಮದಲ್ಲಿ ಹಂಚುವ ಯೋಜನೆಯನ್ನು ಮುಂದಿಟ್ಟಿತು.

ಪ್ರವೇಶ ಪರೀಕ್ಷೆ ಮತ್ತು ಸೀಟು ಹಂಚಿಕೆಯನ್ನು ಒಂದೆಡೆ ನಡೆಸಲು ರಾಜ್ಯ ಸರ್ಕಾರವು 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷಾ ಘಟಕವನ್ನು ಸ್ಥಾಪಿಸಿತು. ಅದೇ ಮುಂದೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಎಂದು ಹೆಸರಾಯಿತು. 2002ರ ಅಕ್ಟೋಬರ್ 31ರಂದು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠವು ಅನುದಾನರಹಿತ ಖಾಸಗಿ ಸಂಸ್ಥೆಗಳಿಗೆ ಹೆಚ್ಚಿನ ಸ್ವಾತಂತ್ರ್ಯ ನೀಡಿತು. ಇದರ ಬಳಿಕ ಖಾಸಗಿ ಕಾಲೇಜುಗಳ ಒಕ್ಕೂಟವು ಕಾಮೆಡ್–ಕೆ ಎಂಬ ಹೆಸರಿನಲ್ಲಿ ಪ್ರತ್ಯೇಕ ಪ್ರವೇಶ ಪರೀಕ್ಷೆಯನ್ನು ಆರಂಭಿಸಿತು. ಈ ಕಾರಣದಿಂದ ಒಂದೇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸರ್ಕಾರಿ ಕೋಟಾ, ಕಾಮೆಡ್–ಕೆ ಮತ್ತು ಆಡಳಿತ ಮಂಡಳಿ ಕೋಟಾ ಎಂಬ ಭಿನ್ನ ದಾರಿಗಳಿದ್ದು, ಅವುಗಳ ಶುಲ್ಕವೂ ಭಿನ್ನವಾಗಿರುತ್ತದೆ.

ಹತ್ತನೆಯ ತರಗತಿಯ ನಂತರದ ಆಯ್ಕೆ

ಎಸ್.ಎಸ್.ಎಲ್.ಸಿ. ಮುಗಿಸಿದ ವಿದ್ಯಾರ್ಥಿಯ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ: ಎರಡು ವರ್ಷಗಳ ಪಿಯುಸಿ, ಮೂರು ವರ್ಷಗಳ ಡಿಪ್ಲೊಮಾ ಮತ್ತು ಕೈಗಾರಿಕಾ ತರಬೇತಿ ಸಂಸ್ಥೆಗಳ (ಐಟಿಐ) ಕೋರ್ಸುಗಳು. ಡಿಪ್ಲೊಮಾ ಪಡೆದವರು ಡಿಸಿಇಟಿ ಪರೀಕ್ಷೆ ಬರೆದು ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು.

ಪಿಯುಸಿಯಲ್ಲಿ ವಿಜ್ಞಾನ, ವಾಣಿಜ್ಯ ಮತ್ತು ಕಲಾ ವಿಭಾಗಗಳಿದ್ದು, ಪ್ರತಿಯೊಂದರಲ್ಲೂ ಹಲವು ವಿಷಯ ಸಂಯೋಜನೆಗಳಿವೆ. ಪಿಸಿಎಂಬಿ ಎಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮತ್ತು ಜೀವಶಾಸ್ತ್ರ. ಪಿಸಿಎಂಸಿಯಲ್ಲಿ ಜೀವಶಾಸ್ತ್ರದ ಬದಲು ಗಣಕ ವಿಜ್ಞಾನವಿರುತ್ತದೆ. ಎಚ್ಇಬಿಎ ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಮತ್ತು ಲೆಕ್ಕಶಾಸ್ತ್ರಗಳನ್ನೂ, ಎಚ್ಇಪಿಎಸ್ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮತ್ತು ಸಮಾಜಶಾಸ್ತ್ರಗಳನ್ನೂ ಒಳಗೊಂಡಿದೆ.

ಈ ಆಯ್ಕೆಯನ್ನು ಮುಂದೆ ಬದಲಿಸುವುದು ಕಷ್ಟ. ಜೀವಶಾಸ್ತ್ರ ಓದದವರು ವೈದ್ಯಕೀಯಕ್ಕೂ, ಗಣಿತ ಓದದವರು ಎಂಜಿನಿಯರಿಂಗಿಗೂ ಸಾಮಾನ್ಯವಾಗಿ ಅರ್ಹರಾಗುವುದಿಲ್ಲ. ಅದೇ ವೇಳೆ, ಎಲ್ಲ ದಾರಿಗಳೂ ವಿಜ್ಞಾನದಿಂದಲೇ ತೆರೆಯುತ್ತವೆ ಎಂಬ ನಂಬಿಕೆಯೂ ಸರಿಯಲ್ಲ. ಐದು ವರ್ಷಗಳ ಕಾನೂನು ಪದವಿಗೆ ಯಾವುದೇ ವಿಭಾಗದ ಪಿಯುಸಿ ಸಾಕು. ಕರ್ನಾಟಕ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೂ ಕೇಂದ್ರ ನಾಗರಿಕ ಸೇವಾ ಪರೀಕ್ಷೆಗೂ ಯಾವುದೇ ವಿಷಯದ ಪದವಿ ಸಾಕಾಗುತ್ತದೆ. ವಿಜ್ಞಾನದಲ್ಲಿ ಆಸಕ್ತಿಯಿಲ್ಲದ ವಿದ್ಯಾರ್ಥಿಯನ್ನು ಅಂಕ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಅಲ್ಲಿಗೆ ಸೇರಿಸುವುದು ಎರಡು ವರ್ಷಗಳ ನಷ್ಟಕ್ಕೆ ಎಡೆಮಾಡಬಹುದು.

ಪ್ರವೇಶ ಪರೀಕ್ಷೆಗಳು

ರಾಜ್ಯದ ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮತ್ತು ಜೀವಶಾಸ್ತ್ರಗಳಿಗೆ ತಲಾ 60 ಅಂಕಗಳ ಪತ್ರಿಕೆಗಳಿರುತ್ತವೆ. ಪ್ರತಿ ಪತ್ರಿಕೆಗೆ 80 ನಿಮಿಷಗಳ ಅವಧಿಯಿದ್ದು, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಎಂಜಿನಿಯರಿಂಗ್ ರ್‍ಯಾಂಕನ್ನು ನಿರ್ಧರಿಸುವಾಗ ಸಿಇಟಿ ಅಂಕಗಳಿಗೆ ಶೇ. 50 ಮತ್ತು ದ್ವಿತೀಯ ಪಿಯುಸಿಯ ಸಂಬಂಧಿತ ವಿಷಯಗಳ ಅಂಕಗಳಿಗೆ ಶೇ. 50 ಪ್ರಾಧಾನ್ಯ ನೀಡಲಾಗುತ್ತದೆ. ಆದ್ದರಿಂದ ಸಿಇಟಿಯ ಸಿದ್ಧತೆಗಾಗಿ ಪಿಯುಸಿ ಪರೀಕ್ಷೆಯನ್ನು ಕಡೆಗಣಿಸುವುದು ರ್‍ಯಾಂಕಿಗೇ ಹಾನಿಕರ.

ವೈದ್ಯಕೀಯ, ದಂತವೈದ್ಯಕೀಯ ಮತ್ತು ಆಯುಷ್ ಪದವಿಗಳಿಗೆ ರಾಷ್ಟ್ರಮಟ್ಟದ ನೀಟ್ ಪರೀಕ್ಷೆ ಕಡ್ಡಾಯ. ಇದರಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯಲಾಗುತ್ತದೆ. ಇದನ್ನು ಕನ್ನಡದಲ್ಲಿಯೂ ಬರೆಯಬಹುದು. ನೀಟ್ ಬರೆದವರು ರಾಜ್ಯದ ಪಾಲಿನ ಸೀಟು ಬಯಸಿದರೆ ಪರೀಕ್ಷಾ ಪ್ರಾಧಿಕಾರದಲ್ಲಿಯೂ ನೋಂದಾಯಿಸಿಕೊಳ್ಳಬೇಕಾಗುತ್ತದೆ. ವಾಸ್ತುಶಿಲ್ಪಕ್ಕೆ ನಾಟಾ, ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಕ್ಲ್ಯಾಟ್ ಪರೀಕ್ಷೆಗಳಿವೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ 2022ರಿಂದ ಸಿಯುಇಟಿ ಜಾರಿಯಲ್ಲಿದೆ. ಕಲಬುರಗಿ ಜಿಲ್ಲೆಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ಇದರ ವ್ಯಾಪ್ತಿಗೆ ಸೇರಿದೆ.

ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮುಂತಾದ ಪದವಿಗಳಿಗೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಿಯುಸಿ ಅಂಕಗಳ ಆಧಾರದಲ್ಲಿಯೇ ಪ್ರವೇಶ ದೊರೆಯುತ್ತದೆ. 2021–22ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ನಾಲ್ಕು ವರ್ಷಗಳ ಪದವಿ ಮಾದರಿಯನ್ನು ಕೈಬಿಟ್ಟು, 2024–25ರಿಂದ ಮೂರು ವರ್ಷಗಳ ಪದವಿಗೆ ಮರಳಲಾಗಿದೆ.

ಅರ್ಹತೆ ಮತ್ತು ಮೀಸಲಾತಿ

ಸರ್ಕಾರಿ ಕೋಟಾದ ಸೀಟಿಗೆ ಸಾಮಾನ್ಯ ನಿಯಮದಂತೆ ಅಭ್ಯರ್ಥಿಯು ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗಿನ ಅವಧಿಯಲ್ಲಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ವ್ಯಾಸಂಗ ಮಾಡಿರಬೇಕು. ಜೊತೆಗೆ ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯನ್ನು ರಾಜ್ಯದಲ್ಲಿ ತೇರ್ಗಡೆಯಾಗಿರಬೇಕು. ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅವಕಾಶವಿದೆ. ಕೇರಳದ ಕಾಸರಗೋಡು, ಮಂಜೇಶ್ವರ, ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ ಮೊದಲಾದ ಗಡಿ ತಾಲ್ಲೂಕುಗಳ ಕನ್ನಡ ಮಾತೃಭಾಷೆಯ ವಿದ್ಯಾರ್ಥಿಗಳು ಈ ಅವಕಾಶ ಪಡೆಯಲು ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಹಿಂದುಳಿದ ವರ್ಗಗಳ ಮೀಸಲಾತಿಯೊಂದಿಗೆ ಪ್ರತಿ ವರ್ಗದೊಳಗೆ ಗ್ರಾಮೀಣ ವ್ಯಾಸಂಗಕ್ಕೆ ಶೇ. 15 ಮತ್ತು ಕನ್ನಡ ಮಾಧ್ಯಮಕ್ಕೆ ಶೇ. 5 ಸೀಟುಗಳು ಮೀಸಲಾಗಿವೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ, ಅಥವಾ ಕನ್ನಡ ಮಾಧ್ಯಮದಲ್ಲಿ, ಪೂರ್ಣವಾಗಿ ಓದಿರುವುದು ಇವುಗಳಿಗೆ ಆಧಾರ. ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ ಬಂದ 371 (ಜೆ) ವಿಧಿಯ ಅನ್ವಯ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಆ ಪ್ರದೇಶದ ಸಂಸ್ಥೆಗಳಲ್ಲಿ ಶೇ. 70 ಮತ್ತು ರಾಜ್ಯದ ಉಳಿದ ಭಾಗದಲ್ಲಿ ಶೇ. 8 ಸೀಟುಗಳು ಮೀಸಲಾಗಿವೆ.

ಪ್ರಮಾಣಪತ್ರಗಳು

ಮೇಲಿನ ಯಾವ ಸೌಲಭ್ಯವೂ ತಾನಾಗಿ ದೊರೆಯುವುದಿಲ್ಲ. ಅರ್ಜಿಯಲ್ಲಿಯೇ ಕೋರಿ, ಪ್ರಮಾಣಪತ್ರದಿಂದ ಸಮರ್ಥಿಸಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ತಹಶೀಲ್ದಾರರು ನೀಡುವ ಈ ಪತ್ರಗಳ ಆರ್.ಡಿ. ಸಂಖ್ಯೆಯನ್ನು ಪ್ರವೇಶ ಅರ್ಜಿಯಲ್ಲಿ ನಮೂದಿಸಬೇಕಾಗುತ್ತದೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗ ಪತ್ರಗಳಿಗೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಹಾಗೂ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. 371 (ಜೆ) ಪ್ರಮಾಣಪತ್ರವನ್ನು ಉಪವಿಭಾಗದ ಸಹಾಯಕ ಆಯುಕ್ತರು ನೀಡುತ್ತಾರೆ.

ಎರಡು–ಮೂರು ಶಾಲೆಗಳಲ್ಲಿ ಓದಿದವರು ಪ್ರತಿ ಶಾಲೆಯಿಂದಲೂ ಪತ್ರ ತರಬೇಕಾಗುವುದರಿಂದ ಇದಕ್ಕೆ ವಾರಗಳೇ ಹಿಡಿಯಬಹುದು. ಆಧಾರ್, ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಮತ್ತು ಜಾತಿ ಪ್ರಮಾಣಪತ್ರಗಳಲ್ಲಿ ಹೆಸರಿನ ಕಾಗುಣಿತ ಅಥವಾ ಇನಿಷಿಯಲ್ ಬೇರೆಯಾಗಿದ್ದರೂ ಪರಿಶೀಲನೆಯಲ್ಲಿ ತೊಡಕಾಗುತ್ತದೆ. ಒಂಬತ್ತನೆಯ ತರಗತಿಯಲ್ಲಿಯೇ ಹೆಸರು ಮತ್ತು ಜನ್ಮದಿನಾಂಕಗಳನ್ನು ಹೋಲಿಸಿ ಸರಿಪಡಿಸುವುದು ಸುಲಭ, ಏಕೆಂದರೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಮುದ್ರಣವಾದ ಮೇಲೆ ತಿದ್ದುಪಡಿ ದೀರ್ಘ ಪ್ರಕ್ರಿಯೆಯಾಗುತ್ತದೆ.

ಸೀಟು ಹಂಚಿಕೆ

ರ್‍ಯಾಂಕ್ ಪ್ರಕಟವಾದ ಬಳಿಕ ಅಭ್ಯರ್ಥಿಗಳು ಕಾಲೇಜು ಮತ್ತು ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ಆನ್‌ಲೈನ್ ಮೂಲಕ ದಾಖಲಿಸುತ್ತಾರೆ. ಮೊದಲು ಅಣಕು ಹಂಚಿಕೆ, ಅನಂತರ ನಿಜವಾದ ಹಂಚಿಕೆ ನಡೆಯುತ್ತದೆ. ಅಣಕು ಹಂಚಿಕೆಯ ಫಲಿತಾಂಶ ನೋಡಿ ಆದ್ಯತೆಗಳನ್ನು ಬದಲಿಸಲು ಅವಕಾಶವಿದೆ. ಪಟ್ಟಿಯಲ್ಲಿ ಮೇಲಿರುವ ಆಯ್ಕೆ ದೊರೆತರೆ ಕೆಳಗಿನವು ರದ್ದಾಗುತ್ತವೆ. ಹೀಗಾಗಿ ‘ಸಿಗಬಹುದಾದದ್ದನ್ನು’ ಮೇಲಿಡದೆ, ನಿಜವಾಗಿ ಬೇಕಾದದ್ದನ್ನೇ ಮೊದಲು ನಮೂದಿಸಬೇಕು.

ಸೀಟು ದೊರೆತವರಿಗೆ ನಾಲ್ಕು ಆಯ್ಕೆಗಳಿರುತ್ತವೆ:

1. ಸೀಟನ್ನು ಒಪ್ಪಿ, ಶುಲ್ಕ ಪಾವತಿಸಿ ಕಾಲೇಜಿಗೆ ಸೇರುವುದು.
2. ಸೀಟನ್ನು ಉಳಿಸಿಕೊಂಡು, ಇನ್ನೂ ಉತ್ತಮ ಆಯ್ಕೆಗಾಗಿ ಮುಂದಿನ ಸುತ್ತಿನಲ್ಲಿ ಭಾಗವಹಿಸುವುದು.
3. ಸೀಟನ್ನು ಬಿಟ್ಟುಕೊಟ್ಟು, ಮುಂದಿನ ಸುತ್ತಿನಲ್ಲಿ ಭಾಗವಹಿಸುವುದು.
4. ಪ್ರಕ್ರಿಯೆಯಿಂದ ಹೊರಬರುವುದು.

ಎರಡನೆಯ ಮತ್ತು ಮೂರನೆಯ ಆಯ್ಕೆಗಳ ವ್ಯತ್ಯಾಸ ತಿಳಿಯದೆ ಮೂರನ್ನು ಆರಿಸಿದವರಿಗೆ ಬಿಟ್ಟ ಸೀಟು ಮರಳಿ ಸಿಗುವ ಭರವಸೆಯಿಲ್ಲ. ಸುತ್ತುಗಳು, ಠೇವಣಿ ಹಾಗೂ ದಂಡದ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಮಾಹಿತಿ ಪುಸ್ತಿಕೆಯೇ ಪ್ರಮಾಣ.

ಆರ್ಥಿಕ ನೆರವು

ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ನಡೆಯುವ ಎನ್.ಎಂ.ಎಂ.ಎಸ್. ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ ₹12,000 ದೊರೆಯುತ್ತದೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಮತ್ತು ವಿದ್ಯಾಸಿರಿ ಯೋಜನೆಗಳಿಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕ ಅರ್ಜಿ ಸಲ್ಲಿಸಬಹುದು. ಹಣವು ಆಧಾರ್ ಜೋಡಣೆಯಾದ ಖಾತೆಗೆ ಜಮೆಯಾಗುವುದರಿಂದ ಜೋಡಣೆಯನ್ನು ಮುಂಚಿತವಾಗಿ ಖಚಿತಪಡಿಸಿಕೊಳ್ಳಬೇಕು. ಹಿಂದುಳಿದ ವರ್ಗಗಳ ಹಾಗೂ ಸಮಾಜ ಕಲ್ಯಾಣ ಇಲಾಖೆಗಳ ವಿದ್ಯಾರ್ಥಿನಿಲಯಗಳಿಗೆ ಪ್ರತ್ಯೇಕ ಅರ್ಜಿ ಬೇಕು. ಬ್ಯಾಂಕುಗಳ ಶಿಕ್ಷಣ ಸಾಲಕ್ಕೆ 2015ರಲ್ಲಿ ಆರಂಭವಾದ ವಿದ್ಯಾಲಕ್ಷ್ಮಿ ಪೋರ್ಟಲ್ ಇದೆ.

ಶಾಲೆಯ ಪಾತ್ರ

ಪ್ರವೇಶ ಪ್ರಕ್ರಿಯೆ ಬಹುತೇಕ ಆನ್‌ಲೈನ್ ಆಗಿರುವುದರಿಂದ ಅನೇಕ ವಿದ್ಯಾರ್ಥಿಗಳು ಸೈಬರ್ ಕೇಂದ್ರಗಳಲ್ಲಿ ಬೇರೆಯವರ ಕೈಯಿಂದ ಅರ್ಜಿ ತುಂಬಿಸುತ್ತಾರೆ. ಆಗ ಮೀಸಲಾತಿಯ ಕಲಂ ಖಾಲಿ ಉಳಿಯುವುದು, ಕೇಂದ್ರದವರ ಮೊಬೈಲ್ ಸಂಖ್ಯೆ ದಾಖಲಾಗಿ ಸಂದೇಶಗಳು ವಿದ್ಯಾರ್ಥಿಗೆ ತಲುಪದಿರುವುದು ಮುಂತಾದ ದೋಷಗಳು ಸಂಭವಿಸುತ್ತವೆ. ಅರ್ಜಿಯ ಮುದ್ರಿತ ಪ್ರತಿಯನ್ನು ಶಿಕ್ಷಕರೊಬ್ಬರು ಮೂಲ ದಾಖಲೆಗಳೊಂದಿಗೆ ಹೋಲಿಸಿ ನೋಡುವುದು, ಕೊನೆಯ ದಿನಾಂಕಗಳನ್ನು ಶಾಲೆಯ ಸೂಚನಾ ಫಲಕದಲ್ಲಿ ಬರೆಯುವುದು, ಪೋಷಕರ ಸಭೆಯಲ್ಲಿ ಪ್ರಮಾಣಪತ್ರಗಳ ಪಟ್ಟಿ ಓದಿ ಹೇಳುವುದು ಹೆಚ್ಚಿನ ವೆಚ್ಚವಿಲ್ಲದೆ ಆಗುವ ಕೆಲಸಗಳು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗಾಗಿಯೇ ಇರುವ ಸೀಟುಗಳು ಅವರಿಗೆ ತಲುಪುವುದು ಬಹುಮಟ್ಟಿಗೆ ಇಂತಹ ನೆರವನ್ನು ಅವಲಂಬಿಸಿದೆ.