ಬಿಟ್ಟಿ ಎಂದರೆ ಪುಕ್ಕಟೆ ಅಷ್ಟೇನಾ? ಆ ಪದ ಮೊದಲು ಯಾರ ಮೈಮೇಲಿತ್ತು?

ಬಿಟ್ಟಿ ಅಕ್ಕಿ, ಬಿಟ್ಟಿ ಬಸ್ಸು, ಬಿಟ್ಟಿ ಕೂಳು. ರಾಜಕೀಯದ ಫಾರ್ವರ್ಡ್‌ಗಳಲ್ಲಿ ಈ ಪದಕ್ಕೆ ಬಿಡುವೇ ಇಲ್ಲ. ‘ಬಿಟ್ಟುಕೊಟ್ಟದ್ದು ಬಿಟ್ಟಿ’ ಎಂಬ ವಿವರಣೆಯೂ ಕೇಳಲು ಸರಿಯೆನಿಸುತ್ತದೆ. ಆದರೆ ಪದದ ಹುಟ್ಟು ಅದಲ್ಲ.

ಬಿಟ್ಟಿ ಎಂಬುದು ಸಂಸ್ಕೃತದ ‘ವಿಷ್ಟಿ’ಯ ತದ್ಭವ. ‘ವ’ ಹೋಗಿ ‘ಬ’ ಬಂದಿದೆ, ‘ಷ್ಟ’ ಹೋಗಿ ‘ಟ್ಟ’ ಆಗಿದೆ. ವಿಷ್ಟಿ ಎಂದರೆ ಆಳುವವರು ಕೂಲಿ ಕೊಡದೆ, ಬಲವಂತವಾಗಿ ಮಾಡಿಸಿಕೊಳ್ಳುತ್ತಿದ್ದ ದುಡಿಮೆ. ತೆರಿಗೆಯಂತೆ ಅದೂ ಜನ ತೀರಿಸಬೇಕಾದ ಒಂದು ಬಾಕಿ. ಗುಜರಾತಿನ ಜುನಾಗಢದಲ್ಲಿ ಕ್ರಿ.ಶ. 150ರ ಸುಮಾರಿನ ರುದ್ರದಾಮನ ಶಾಸನವಿದೆ. ಜನರನ್ನು ಕರ, ವಿಷ್ಟಿಗಳಿಂದ ಪೀಡಿಸದೆ ಸುದರ್ಶನ ಕೆರೆಯ ಕಟ್ಟೆ ಕಟ್ಟಿಸಿದೆ ಎಂದು ಅದರಲ್ಲಿ ರಾಜ ಹೇಳಿಕೊಂಡಿದ್ದಾನೆ. ಹಾಗೆ ಹೇಳಿಕೊಳ್ಳಬೇಕಾಯಿತು ಎಂದರೆ ಉಳಿದವರು ಹೇಗೆ ಕಟ್ಟಿಸುತ್ತಿದ್ದರು ಎಂದು ಊಹಿಸಬಹುದು.

ಅಂದಹಾಗೆ, ಹೊಯ್ಸಳ ದೊರೆ ಬಿಟ್ಟಿದೇವನಿಗೂ ಈ ಬಿಟ್ಟಿಗೂ ನಂಟಿಲ್ಲ. ಅದು ‘ವಿಷ್ಣು’ವಿನ ಕನ್ನಡ ರೂಪ.

ಹಳ್ಳಿಯಲ್ಲಿ ‘ಬಿಟ್ಟಿ ಹಿಡಿಯುವುದು’ ಎಂದರೆ ಆಳನ್ನು ಹಿಡಿದು ಕೆಲಸಕ್ಕೆ ಹಚ್ಚುವುದು. ಹಾಗೆ ಸಿಕ್ಕಿದವನು ಬಿಟ್ಟಿಯಾಳು. ಸಾಹೇಬರ ಸಾಮಾನು ಹೊರಲು, ದಾರಿ ಸರಿಮಾಡಲು, ಗೌಡರ ಮನೆಯ ಚಾಕರಿಗೆ ಯಾರನ್ನು ಕರೆಯಬೇಕು ಎಂಬುದಕ್ಕೆ ಚೀಟಿ ಎತ್ತುತ್ತಿರಲಿಲ್ಲ. ಜಾತಿ ನೋಡಿದರೆ ಸಾಕಿತ್ತು. ಇದೇ ಪದ ತೆಲುಗಿನಲ್ಲಿ ‘ವೆಟ್ಟಿ’. ನಿಜಾಮರ ಕಾಲದ ತೆಲಂಗಾಣದಲ್ಲಿ 1946ರಿಂದ ರೈತರು ಎದ್ದು ಹೋರಾಡಲು ವೆಟ್ಟಿ ಚಾಕಿರಿಯೂ ಒಂದು ಮುಖ್ಯ ಕಾರಣ. ಚೋಳರ ಶಾಸನಗಳಲ್ಲೂ ‘ವೆಟ್ಟಿ’ ಇದೆ. ಇಂದಿನ ತಮಿಳಿನಲ್ಲಿ ಅದಕ್ಕೆ ವ್ಯರ್ಥ, ಕೆಲಸವಿಲ್ಲದ ಎಂಬ ಅರ್ಥ. ಕೂಲಿ ಸಿಗದ ಕೆಲಸ ಕ್ರಮೇಣ ಕೆಲಸವೇ ಅಲ್ಲವೆಂದಾಯಿತು. ಕನ್ನಡದಲ್ಲಿ ದುಡಿದವನ ಕಡೆಯಿಂದ ನೋಡುತ್ತಿದ್ದ ಪದ ಪಡೆದವನ ಕಡೆಗೆ ತಿರುಗಿ ‘ಪುಕ್ಕಟೆ’ ಆಯಿತು.

‘ಜೀತ’ದ ಕಥೆ ಇದಕ್ಕೆ ತಿರುಗುಮುರುಗು. ಅದು ‘ಜೀವಿತ’ದಿಂದ ಬಂದದ್ದು, ಹಳೆಯ ಅರ್ಥ ಸಂಬಳ. ತೆಲುಗರು ಇವತ್ತಿಗೂ ತಿಂಗಳ ಸಂಬಳವನ್ನು ‘ಜೀತಂ’ ಎನ್ನುತ್ತಾರೆ. ಹೈದರಾಬಾದಿನಲ್ಲಿ ಯಾರಾದರೂ ಜೀತ ಬಂತು ಎಂದರೆ ಗಾಬರಿಯಾಗಬೇಡಿ.

ಈಗ ಕಾನೂನಿಗೆ ಬರೋಣ, ಏಕೆಂದರೆ ತಪ್ಪು ತಿಳಿವಳಿಕೆ ಹೆಚ್ಚಿರುವುದು ಇಲ್ಲಿ. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿದೆ. ‘ಸಾಲ ಕೊಟ್ಟಿದ್ದರೆ ಮಾತ್ರ ಜೀತ’ ಎಂದು ಹಲವರು ನಂಬಿದ್ದಾರೆ. ಅದು ಸರಿಯಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಸಾಲದ ಜತೆಗೆ ರೂಢಿಯ ಕಟ್ಟುಪಾಡು ಮತ್ತು ಒಂದು ಜಾತಿಯಲ್ಲಿ ಹುಟ್ಟಿದ ಕಾರಣಕ್ಕೆ ಮಾಡಿಸುವ ದುಡಿಮೆಯೂ ಸೇರಿದೆ. ಜಾತ್ರೆಯಲ್ಲಿ ತಮಟೆ ಬಾರಿಸಲು, ಸತ್ತ ದನ ಎಳೆಯಲು ಒಂದೇ ಕೇರಿಯವರನ್ನು ಕಡ್ಡಾಯವಾಗಿ ಕರೆದು, ಒಂದಿಷ್ಟು ಕಾಳೋ ಊಟವೋ ಕೊಟ್ಟು ಕಳಿಸಿದರೆ ‘ಕೊಟ್ಟಿದ್ದೇವಲ್ಲ’ ಎನ್ನುವ ಹಾಗಿಲ್ಲ. ಹೆಸರಿಗಷ್ಟೇ ಕೊಡುವ ಕೂಲಿಯನ್ನೂ ಕಾಯ್ದೆ ಹೆಸರಿಸಿದೆ. ಶಿಕ್ಷೆ ಮೂರು ವರ್ಷದವರೆಗೆ ಜೈಲು ಮತ್ತು 2,000 ರೂಪಾಯಿವರೆಗೆ ದಂಡ. ಏಷ್ಯನ್ ಕ್ರೀಡಾಕೂಟದ ಕಾಮಗಾರಿ ಕೂಲಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲಿ ಇನ್ನೂ ಮುಂದೆ ಹೋಯಿತು: ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿದರೂ ಅದು ಬಲವಂತದ ದುಡಿಮೆಯೇ. ಹೊಟ್ಟೆಪಾಡಿನ ಒತ್ತಡವೂ ಬಲವಂತವೇ ಎಂದಿತು.

ಹಾಗಾದರೆ ಮೇಷ್ಟ್ರಿಗೆ ಚುನಾವಣಾ ಡ್ಯೂಟಿ ಹಾಕುವುದು ಬಿಟ್ಟಿಯೇ? ಸ್ಟಾಫ್ ರೂಮಿನಲ್ಲಿ ಹಾಗನ್ನುವುದುಂಟು, ಆದರೆ ಅಲ್ಲ. ಅದಕ್ಕೆ ಭತ್ಯೆ ಇದೆ. ಜತೆಗೆ 23ನೇ ವಿಧಿಯ ಎರಡನೇ ಭಾಗ ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆ ಪಡೆಯಲು ಸರ್ಕಾರಕ್ಕೆ ಅವಕಾಶ ಕೊಡುತ್ತದೆ. ಷರತ್ತು ಒಂದೇ: ಧರ್ಮ, ಜನಾಂಗ, ಜಾತಿ, ವರ್ಗ ನೋಡಿ ಆಳು ಆರಿಸುವಂತಿಲ್ಲ. ಹಾಗಾಗಿ ‘ಸೇನೆಗೆ ಕಡ್ಡಾಯ ಸೇರ್ಪಡೆಗೆ ಸಂವಿಧಾನವೇ ಅಡ್ಡಿ’ ಎಂಬ ಮಾತೂ ತಪ್ಪು. ಸದ್ಯ ಭಾರತದಲ್ಲಿ ಅಂಥ ನಿಯಮ ಇಲ್ಲ, ಅಷ್ಟೇ. ಅಗ್ನಿವೀರರೂ ತಾವೇ ಅರ್ಜಿ ಹಾಕಿ ಸೇರುವವರು.

ನಿಮ್ಮೂರಲ್ಲಿ ಬಿಟ್ಟಿ ಚಾಕರಿ ಇನ್ನೂ ನಡೆಯುತ್ತಿದ್ದರೆ ಉಪವಿಭಾಗಾಧಿಕಾರಿಗೆ ಅಥವಾ ಜಿಲ್ಲಾಧಿಕಾರಿಗೆ ದೂರು ಕೊಡಬಹುದು. ಜೀತವೆಂದು ಖಚಿತವಾದರೆ ಬಿಡುಗಡೆ ಪತ್ರ ಸಿಗುತ್ತದೆ. ಆ ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಲು ಹೇಳಿ. ಪುನರ್ವಸತಿ ನೆರವು ಕೇಳುವಾಗ ಮೊದಲು ಬೇಕಾಗುವುದು ಅದೇ.